ಅಣ್ಣ ದಪ್ಪ, ದೋಷವಿರುವುದು ನನ್ನ ರಕ್ತದಲ್ಲಿ: ಮೆಟಬಾಲಿಕ್ ಸಿಂಡ್ರೋಮ್‌ನಲ್ಲಿ ವಂಶವಾಹಿಗಳ ಪಾಲೆಷ್ಟು?

ಪ್ರಶ್ನೆ: ನನಗೆ 38 ವರ್ಷ. ಎತ್ತರ 168 ಸೆಂ.ಮೀ., ತೂಕ 66 ಕೆ.ಜಿ. ಕಚೇರಿಯಲ್ಲಿ ನಡೆದ ಆರೋಗ್ಯ ತಪಾಸಣೆಯಲ್ಲಿ ಟ್ರೈಗ್ಲಿಸರೈಡ್ 212, ಎಚ್‌ಡಿಎಲ್ 36, ಖಾಲಿ ಹೊಟ್ಟೆಯ ಸಕ್ಕರೆ 97, ಬಿ.ಪಿ. 128/82, ಸೊಂಟದ ಸುತ್ತಳತೆ 93 ಸೆಂ.ಮೀ. ಎಂದು ಬಂದಿದೆ. ಇದು ಮೆಟಬಾಲಿಕ್ ಸಿಂಡ್ರೋಮ್ ಎಂದು ವೈದ್ಯರು ಹೇಳಿದರು. ನನ್ನ ತಂದೆಯವರಿಗೆ 44ನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂತು. ಚಿಕ್ಕಪ್ಪ ಹೃದಯಾಘಾತದಿಂದ ತೀರಿಕೊಂಡರು. ತಂದೆಯವರು ತಮ್ಮ ಅಕ್ಕನ ಮಗಳನ್ನೇ ಮದುವೆಯಾದವರು. ನನಗಿಂತ 20 ಕೆ.ಜಿ. ಹೆಚ್ಚು ತೂಗುವ ಅಣ್ಣನ ವರದಿಯಲ್ಲಿ ಮಾತ್ರ ಏನೂ ದೋಷವಿಲ್ಲ. ಇದಕ್ಕೆಲ್ಲ ಜೀನ್ ಕಾರಣವೇ? ಎಂಜಲಿನ ಮಾದರಿ ಕಳಿಸಿ ಮಾಡಿಸುವ ಜೀನ್ ಪರೀಕ್ಷೆ ಮಾಡಿಸಬೇಕೇ? ನನ್ನ ಪತ್ನಿಗೆ ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಣಿಸಿಕೊಂಡಿತ್ತು. ಒಂಬತ್ತು ವರ್ಷದ ಮಗಳಿಗೂ ಇದು ಬರುತ್ತದೆಯೇ?

ಉತ್ತರ: ಮೊದಲು ನಿಮ್ಮ ಅಂಕಿಗಳನ್ನು ನೋಡೋಣ. 2009ರಲ್ಲಿ ಹಲವು ಅಂತರರಾಷ್ಟ್ರೀಯ ವೈದ್ಯಕೀಯ ಸಂಸ್ಥೆಗಳು ಒಟ್ಟಾಗಿ ಒಪ್ಪಿಕೊಂಡ ಮಾನದಂಡದಂತೆ ಐದು ಅಂಶಗಳ ಪೈಕಿ ಯಾವುದೇ ಮೂರು ಮಿತಿ ದಾಟಿದ್ದರೆ ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನಲಾಗುತ್ತದೆ. ದಕ್ಷಿಣ ಏಷ್ಯಾದವರಿಗೆ ಸೊಂಟದ ಸುತ್ತಳತೆಯ ಮಿತಿ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಟ್ರೈಗ್ಲಿಸರೈಡ್ (ರಕ್ತದಲ್ಲಿ ಹರಿಯುವ ಒಂದು ಬಗೆಯ ಕೊಬ್ಬು) 150 ಅಥವಾ ಹೆಚ್ಚು, ಎಚ್‌ಡಿಎಲ್ ('ಒಳ್ಳೆಯ' ಕೊಲೆಸ್ಟ್ರಾಲ್) ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ, ರಕ್ತದೊತ್ತಡದಲ್ಲಿ ಮೇಲಿನ ಅಂಕಿ 130 ಇಲ್ಲವೇ ಕೆಳಗಿನದು 85 ಮುಟ್ಟಿರುವುದು, ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚಾಗಿರುವುದು ಉಳಿದ ನಾಲ್ಕು. ನಿಮ್ಮಲ್ಲಿ ಸೊಂಟ, ಟ್ರೈಗ್ಲಿಸರೈಡ್, ಎಚ್‌ಡಿಎಲ್ ಈ ಮೂರೂ ಮಿತಿ ದಾಟಿವೆ. ಸಕ್ಕರೆ ಮತ್ತು ಬಿ.ಪಿ. ಇನ್ನೂ ಗೆರೆಯ ಈಚೆಗೇ ಇವೆ. ಹಾಗಾಗಿ ನಿಮ್ಮ ವೈದ್ಯರು ಹೇಳಿದ್ದು ಸರಿ. ನಿಮ್ಮ ಬಿ.ಎಂ.ಐ. (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಲೆಕ್ಕ ಹಾಕಿದರೆ 23.4 ಬರುತ್ತದೆ. ನೋಡಿದವರು ಯಾರೂ ನಿಮ್ಮನ್ನು ದಪ್ಪ ಎನ್ನಲಾರರು. ನಿಮ್ಮ ಪ್ರಶ್ನೆಯ ಗಂಟು ಇರುವುದು ಅಲ್ಲಿಯೇ.

ಕ್ಷಯವನ್ನೋ ಮಲೇರಿಯಾವನ್ನೋ ಒಂದು ರೋಗಾಣುವಿನ ತಲೆಗೆ ಕಟ್ಟುವಂತೆ ಈ ಸಿಂಡ್ರೋಮ್ ಅನ್ನು ಒಂದು ಕಾರಣಕ್ಕೆ ಕಟ್ಟಲು ಬರುವುದಿಲ್ಲ. ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ, ಅಧಿಕ ರಕ್ತದೊತ್ತಡ, ಏರಿದ ಟ್ರೈಗ್ಲಿಸರೈಡ್, ಇಳಿದ ಎಚ್‌ಡಿಎಲ್ ಮತ್ತು ಸಕ್ಕರೆಯ ಏರುಪೇರು ಒಬ್ಬರಲ್ಲೇ ಮತ್ತೆ ಮತ್ತೆ ಜೊತೆಯಾಗಿ ಕಾಣಿಸುವುದನ್ನು ಎತ್ತಿ ತೋರಿಸಿ, ಇವೆಲ್ಲದರ ಬುಡದಲ್ಲಿ ಇನ್ಸುಲಿನ್‌ಗೆ ದೇಹ ಸರಿಯಾಗಿ ಓಗೊಡದಿರುವ ಸ್ಥಿತಿ, ಅಂದರೆ ಇನ್ಸುಲಿನ್ ಪ್ರತಿರೋಧ ಇದೆ ಎಂದು ವಾದಿಸಿದರು. ಸೊಂಟದ ಅಳತೆ ಈ ಪಟ್ಟಿಗೆ ಸೇರಿದ್ದು ಆಮೇಲೆ. ಹೀಗೆ ಒಂದು ಗುಂಪಿಗೆ ಇಟ್ಟ ಹೆಸರಾದ್ದರಿಂದ 'ಮೆಟಬಾಲಿಕ್ ಸಿಂಡ್ರೋಮ್‌ನ ಜೀನ್' ಎಂಬುದೊಂದು ಇಲ್ಲ. ಫಿನ್ಲೆಂಡ್‌ನ ಸಂಶೋಧಕರು 2012ರಲ್ಲಿ ಸಿಂಡ್ರೋಮ್ ಇರುವವರ ಮತ್ತು ಇಲ್ಲದವರ ಡಿಎನ್‌ಎಯನ್ನು ಉದ್ದಕ್ಕೂ ಹೋಲಿಸಿದಾಗ ಸಿಂಡ್ರೋಮ್‌ಗೇ ನೇರವಾಗಿ ಅಂಟಿಕೊಂಡದ್ದು ಹನ್ನೊಂದನೇ ವರ್ಣತಂತುವಿನಲ್ಲಿ ಕೊಬ್ಬಿನ ಸಾಗಾಟಕ್ಕೆ ಸಂಬಂಧಿಸಿದ ಜೀನ್‌ಗಳಿರುವ ಒಂದು ತಾಣ ಮಾತ್ರ. ಐದೂ ಅಂಶಗಳನ್ನು ಒಟ್ಟಿಗೆ ಹೆಣೆಯುವ ಸಾಮಾನ್ಯ ಆನುವಂಶಿಕ ಬೇರು ಅವರಿಗೆ ಕಾಣಲಿಲ್ಲ. ಆರೋಗ್ಯ ಮತ್ತು ಜೀನ್ ಮಾಹಿತಿಯ ಭಂಡಾರವಾದ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನಲ್ಲಿ ಸುಮಾರು 2.9 ಲಕ್ಷ ಜನರ ಮಾಹಿತಿ ಬಳಸಿ 2019ರಲ್ಲಿ ಅದೇ ಕೆಲಸ ಮಾಡಿದಾಗ 93 ತಾಣಗಳು ಸಿಕ್ಕವು. ಹುಡುಕುವ ಜನಸಂಖ್ಯೆ ದೊಡ್ಡದಾದಷ್ಟೂ ತಾಣಗಳ ಸಂಖ್ಯೆ ಏರುತ್ತ ಹೋಗುತ್ತದೆ, ಆದರೆ ಒಂದೊಂದರ ಬಲ ತೀರ ಕಡಿಮೆ.

ಎಷ್ಟು ಕಡಿಮೆ ಎಂಬುದಕ್ಕೆ ಎಲ್ಲರೂ ಹೆಸರಿಸುವ ಎಫ್‌ಟಿಒ ಜೀನ್ ಒಳ್ಳೆಯ ಉದಾಹರಣೆ. ಬೊಜ್ಜಿಗೂ ಈ ಜೀನ್‌ನ ಒಂದು ರೂಪಕ್ಕೂ ಸಂಬಂಧವಿದೆ ಎಂದು 2007ರಲ್ಲಿ ಗೊತ್ತಾದಾಗ ಪತ್ರಿಕೆಗಳು 'ಬೊಜ್ಜಿನ ಜೀನ್ ಪತ್ತೆ' ಎಂದು ಬರೆದವು. ಯುರೋಪಿನ ಸುಮಾರು 39,000 ಜನರನ್ನು ಒಳಗೊಂಡ ಆ ಅಧ್ಯಯನದಲ್ಲಿ ತಂದೆ ತಾಯಿ ಇಬ್ಬರಿಂದಲೂ ಆ ರೂಪವನ್ನು ಪಡೆದವರು, ಅದನ್ನು ಪಡೆಯದವರಿಗಿಂತ ಸರಾಸರಿ 3 ಕೆ.ಜಿ. ಹೆಚ್ಚು ತೂಗುತ್ತಿದ್ದರು. ಸಾಮಾನ್ಯವಾಗಿ ಕಾಣಸಿಗುವ ಜೀನ್ ರೂಪಗಳ ಪೈಕಿ ಬೊಜ್ಜಿನ ಮೇಲೆ ಅತಿ ಹೆಚ್ಚು ಪ್ರಭಾವ ಬೀರುವುದೆಂದು ಹೆಸರಾದ ಜೀನ್‌ನ ಕೊಡುಗೆಯೇ ಇಷ್ಟು. ಹಸಿವು ತಣಿಯುವುದನ್ನು ಮೆದುಳಿನಲ್ಲಿ ನಿಯಂತ್ರಿಸುವ ಎಂಸಿ4ಆರ್ ಜೀನ್‌ನ ಪಕ್ಕದ ಒಂದು ವ್ಯತ್ಯಾಸ 2008ರಲ್ಲಿ ಬೆಳಕಿಗೆ ಬಂದದ್ದು ಲಂಡನ್ನಿನಲ್ಲಿ ನೆಲೆಸಿರುವ ಭಾರತೀಯ ಮೂಲದವರನ್ನು ಪರೀಕ್ಷಿಸಿದಾಗ. ಅದು ಸೊಂಟದ ಸುತ್ತಳತೆಯನ್ನು ಹೆಚ್ಚೆಂದರೆ 2 ಸೆಂ.ಮೀ.ನಷ್ಟು ಹಿಗ್ಗಿಸುತ್ತದೆ, ಮತ್ತು ಯುರೋಪಿನವರಿಗಿಂತ ನಮ್ಮವರಲ್ಲಿ ಹೆಚ್ಚು ಸಾಮಾನ್ಯ. 2006ರಲ್ಲಿ ಐಸ್‌ಲೆಂಡ್‌ನಲ್ಲಿ ಪತ್ತೆಯಾದ ಟಿಸಿಎಫ್7ಎಲ್2 ಎಂಬುದು ಬೊಜ್ಜಿಗೆ ಕೈಹಾಕುವುದಿಲ್ಲ, ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಸ್ರವಿಸುವ ಶಕ್ತಿಯನ್ನು ಕುಗ್ಗಿಸುತ್ತದೆ. ಅದರ ಪ್ರಭಾವ ಭಾರತೀಯರಲ್ಲೂ ಬಲವಾಗಿಯೇ ಇದೆ ಎಂದು ಮರು ವರ್ಷ ಪುಣೆಯ ಅಧ್ಯಯನ ತೋರಿಸಿತು.

ಇವುಗಳಿಗಿಂತ ವಿಚಿತ್ರವಾದದ್ದು ಯಕೃತ್ತಿನಲ್ಲಿ ಕೆಲಸ ಮಾಡುವ ಜಿಸಿಕೆಆರ್. ಇದರ ಒಂದು ಸಾಮಾನ್ಯ ರೂಪವಿರುವವರ ಯಕೃತ್ತು ರಕ್ತದ ಸಕ್ಕರೆಯನ್ನು ಬೇಗ ಬೇಗ ಒಳಗೆಳೆದುಕೊಳ್ಳುತ್ತದೆ. ಅದರಿಂದ ಖಾಲಿ ಹೊಟ್ಟೆಯ ಸಕ್ಕರೆ ಸ್ವಲ್ಪ ಇಳಿಯುತ್ತದೆ. ಒಳಗೆಳೆದುಕೊಂಡ ಸಕ್ಕರೆಯನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸುವುದರಿಂದ ಟ್ರೈಗ್ಲಿಸರೈಡ್ ಏರುತ್ತದೆ. ಅಂದರೆ ಡಿಎನ್‌ಎಯ ಒಂದೇ ಅಕ್ಷರದ ಬದಲಾವಣೆ ಸಿಂಡ್ರೋಮ್‌ನ ಒಂದು ಅಂಶವನ್ನು ಉತ್ತಮಗೊಳಿಸಿ ಇನ್ನೊಂದನ್ನು ಕೆಡಿಸುತ್ತದೆ. ಸಕ್ಕರೆ 97ರಲ್ಲೇ ನಿಂತು ಟ್ರೈಗ್ಲಿಸರೈಡ್ 212ಕ್ಕೆ ಏರಿರುವ ನಿಮ್ಮಂಥವರ ವರದಿಗೆ ಇಂಥ ಹಲವು ಸಣ್ಣ ಎಳೆದಾಟಗಳ ಒಟ್ಟು ಮೊತ್ತ ಕಾರಣವಾಗಿರಬಹುದು. ಯಾವ ಯಾವ ಎಳೆ ಎಂದು ಬಿಡಿಸಿ ಹೇಳುವುದರಿಂದ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ.

ಹಾಗಾದರೆ ವಂಶದಿಂದ ಬರುವುದು ನಿಜವಾಗಿ ಏನು? ನನ್ನ ತಿಳಿವಳಿಕೆಯಂತೆ ಅತಿ ಮುಖ್ಯವಾಗಿ ಬರುವುದು ಹೆಚ್ಚಾದ ಕೊಬ್ಬನ್ನು ದೇಹ ಎಲ್ಲಿ ಇಟ್ಟುಕೊಳ್ಳುತ್ತದೆ ಎಂಬ ಸ್ವಭಾವ. ಇದನ್ನು ಮನಗಾಣಿಸಿದ ಪ್ರಯೋಗವೊಂದು ಕೆನಡಾದ ಕ್ಯುಬೆಕ್‌ನಲ್ಲಿ ನಡೆಯಿತು. ಅದರ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಕ್ಲಾಡ್ ಬುಶಾರ್ ಮತ್ತು ಸಂಗಡಿಗರು ಹನ್ನೆರಡು ಜೊತೆ ತದ್ರೂಪಿ ಅವಳಿ ಯುವಕರನ್ನು ಕರೆತಂದು, ನೂರು ದಿನಗಳ ಅವಧಿಯಲ್ಲಿ ವಾರಕ್ಕೆ ಆರು ದಿನದಂತೆ, ಅವರ ಅಗತ್ಯಕ್ಕಿಂತ ದಿನಕ್ಕೆ 1,000 ಕ್ಯಾಲರಿ ಹೆಚ್ಚು ಉಣಿಸಿದರು. ಎಲ್ಲರಿಗೂ ಸಿಕ್ಕ ಹೆಚ್ಚುವರಿ ಆಹಾರ ಒಂದೇ, ಆದರೂ ತೂಕ ಏರಿದ್ದು ಒಬ್ಬರಿಗೆ 4.3 ಕೆ.ಜಿ.ಯಾದರೆ ಇನ್ನೊಬ್ಬರಿಗೆ 13.3 ಕೆ.ಜಿ. ಒಂದೇ ಜೊತೆಯ ಇಬ್ಬರ ನಡುವೆ ಮಾತ್ರ ವ್ಯತ್ಯಾಸ ಸ್ವಲ್ಪವೇ ಇತ್ತು: ತೂಕದ ಏರಿಕೆಯಲ್ಲಿ ಜೊತೆ ಜೊತೆಗಳ ನಡುವಣ ವ್ಯತ್ಯಾಸ ಜೊತೆಯೊಳಗಿನದಕ್ಕಿಂತ ಸುಮಾರು ಮೂರು ಪಟ್ಟು ದೊಡ್ಡದು, ಹೊಟ್ಟೆಯೊಳಗೆ ಕರುಳಿನ ಸುತ್ತ ಶೇಖರವಾಗುವ ಕೊಬ್ಬಿನ ಮಟ್ಟಿಗಂತೂ ಸುಮಾರು ಆರು ಪಟ್ಟು. ತೂಕ ಎಷ್ಟು ಏರುತ್ತದೆ ಎಂಬುದಕ್ಕಿಂತ ಏರಿದ ಕೊಬ್ಬು ಹೊಟ್ಟೆಯೊಳಗೆ ಎಷ್ಟು ಇಳಿಯುತ್ತದೆ ಎಂಬುದರಲ್ಲಿ ವಂಶದ ಕೈ ಹೆಚ್ಚು ಬಲವಾಗಿದೆ ಎಂದು ಇದರಿಂದ ತಿಳಿಯುತ್ತದೆ.

ಚರ್ಮದಡಿಯ ಕೊಬ್ಬು, ಅದರಲ್ಲೂ ತೊಡೆ ಮತ್ತು ನಿತಂಬದ ಕೊಬ್ಬು, ದೇಹದ ಕಣಜವಿದ್ದಂತೆ. ಕಣಜ ದೊಡ್ಡದಿದ್ದರೆ ಸುಗ್ಗಿ ಎಷ್ಟೇ ಬಂದರೂ ಅಲ್ಲಿ ಹಿಡಿಸುತ್ತದೆ. ಚಿಕ್ಕದಿದ್ದರೆ ಮೂಟೆಗಳು ಪಡಸಾಲೆಗೂ ಅಡುಗೆಮನೆಗೂ ಬಂದು ಬೀಳುತ್ತವೆ. ದೇಹದಲ್ಲಿ ಆ ಪಡಸಾಲೆ, ಅಡುಗೆಮನೆ ಎಂದರೆ ಯಕೃತ್ತು, ಸ್ನಾಯು, ಮೇದೋಜೀರಕ ಗ್ರಂಥಿ ಮತ್ತು ಕರುಳಿನ ಸುತ್ತಲಿನ ಜಾಗ. ಯಕೃತ್ತಿನಲ್ಲಿ ಕೊಬ್ಬು ತುಂಬಿದರೆ ಅದು ಟ್ರೈಗ್ಲಿಸರೈಡನ್ನು ರಕ್ತಕ್ಕೆ ಸುರಿಯುತ್ತದೆ, ಆ ಟ್ರೈಗ್ಲಿಸರೈಡ್ ಏರಿದಂತೆ ಎಚ್‌ಡಿಎಲ್ ಇಳಿಯುತ್ತದೆ, ಇನ್ಸುಲಿನ್ ಹೇಳಿದ ಮಾತನ್ನು ಯಕೃತ್ತೂ ಸ್ನಾಯುವೂ ಕೇಳದಾಗುತ್ತವೆ. ಲುಕಾ ಲೊಟ್ಟಾ ಮತ್ತು ಸಂಗಡಿಗರು ಕೇಂಬ್ರಿಜ್‌ನಿಂದ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇನ್ಸುಲಿನ್ ಪ್ರತಿರೋಧವನ್ನು ಹೆಚ್ಚಿಸುವ 53 ತಾಣಗಳು ಗುರುತಿಸಲ್ಪಟ್ಟವು. ಅಂಥ ರೂಪಗಳನ್ನು ಹೆಚ್ಚು ಹೊತ್ತವರು ದಪ್ಪಗಿರಲಿಲ್ಲ. ಅವರ ಕಾಲುಗಳಲ್ಲಿ ಕೊಬ್ಬು ಕಡಿಮೆಯಿತ್ತು. ಈ ಸ್ವಭಾವದ ಕಟ್ಟಕಡೆಯ ರೂಪ ಆನುವಂಶಿಕ ಲಿಪೋಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆಯಲ್ಲಿ ಕಾಣುತ್ತದೆ. ಅದರಲ್ಲಿ ಕೈಕಾಲುಗಳ ಕೊಬ್ಬು ಬಹುಮಟ್ಟಿಗೆ ಇಲ್ಲವಾಗಿ, ನೋಡಲು ಪೈಲ್ವಾನರಂತಿರುವವರಿಗೂ ಎಳೆಯ ವಯಸ್ಸಿನಲ್ಲೇ ಸಕ್ಕರೆ, ವಿಪರೀತ ಟ್ರೈಗ್ಲಿಸರೈಡ್, ಕೊಬ್ಬು ತುಂಬಿದ ಯಕೃತ್ತು ಎಲ್ಲವೂ ಬರುತ್ತವೆ.

ನಿಮ್ಮ ಅಣ್ಣನ ವಿಷಯ ಇಲ್ಲಿಗೆ ಹೊಂದುತ್ತದೆ. ಒಡಹುಟ್ಟಿದವರು ಸರಾಸರಿ ಅರ್ಧದಷ್ಟು ಆನುವಂಶಿಕ ವ್ಯತ್ಯಾಸಗಳನ್ನು ಮಾತ್ರ ಹಂಚಿಕೊಳ್ಳುತ್ತಾರೆ. ಹಸಿವು ಹೆಚ್ಚಿಸುವ ರೂಪಗಳು ಅವರಿಗೂ, ಶೇಖರಣೆಯನ್ನು ಕಿರಿದಾಗಿಸುವ ರೂಪಗಳು ನಿಮಗೂ ಹೆಚ್ಚಾಗಿ ಬಂದಿದ್ದರೆ, 86 ಕೆ.ಜಿ. ತೂಗುವ ಅವರ ರಕ್ತ ಸರಿಯಾಗಿದ್ದು 66 ಕೆ.ಜಿ.ಯ ನಿಮ್ಮ ರಕ್ತದಲ್ಲಿ ದೋಷ ಕಾಣಿಸುವುದು ಅಸಹಜವೇನಲ್ಲ. ಪೆಸಿಫಿಕ್ ಸಾಗರದ ಸಮೋವಾ ದ್ವೀಪದವರಲ್ಲಿ ಸಿಆರ್‌ಇಬಿಆರ್‌ಎಫ್ ಎಂಬ ಜೀನ್‌ನ ಒಂದು ರೂಪ ವ್ಯಾಪಕವಾಗಿರುವುದು 2016ರಲ್ಲಿ ತಿಳಿದುಬಂತು. ಅದನ್ನು ಹೊತ್ತವರ ತೂಕ ಎಫ್‌ಟಿಒ ಏರಿಸುವುದಕ್ಕಿಂತಲೂ ಹೆಚ್ಚು ಏರುತ್ತದೆ, ಮಧುಮೇಹದ ಅಪಾಯ ಮಾತ್ರ ಇಳಿಯುತ್ತದೆ. ಆದರೂ ಅಣ್ಣನವರು ಇದರಿಂದ ನಿಶ್ಚಿಂತರಾಗಬೇಕಿಲ್ಲ. ದೊಡ್ಡ ಶೇಖರಣೆಗೂ ಒಂದು ಮಿತಿಯಿದೆ, ವಯಸ್ಸಾದಂತೆ ಆ ಮಿತಿ ಹತ್ತಿರವಾಗುತ್ತದೆ, ಮಂಡಿ ಮತ್ತು ರಕ್ತದೊತ್ತಡದ ಮೇಲೆ ಬೀಳುವ ಭಾರವಂತೂ ಜೀನ್ ನೋಡಿ ಕಡಿಮೆಯಾಗುವುದಿಲ್ಲ.

ಭಾರತೀಯರಲ್ಲಿ ಈ ಶೇಖರಣೆಯ ಪ್ರಶ್ನೆ ಇನ್ನಷ್ಟು ಎದ್ದು ಕಾಣುತ್ತದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯಡ್ಕಿನ್ ಇಬ್ಬರ ಬಿ.ಎಂ.ಐ.ಯೂ 22.3. ದೇಹದ ಕೊಬ್ಬಿನ ಪ್ರಮಾಣವನ್ನು ಅಳೆದಾಗ ಯಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2 ಇತ್ತು. ಇಬ್ಬರೂ ಅಕ್ಕಪಕ್ಕ ನಿಂತಿದ್ದ ಆ ಚಿತ್ರವನ್ನು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಮೇಲೆ ಅದು ವೈದ್ಯಕೀಯ ತರಗತಿಗಳಲ್ಲಿ ಮೇಲಿಂದ ಮೇಲೆ ಬಳಕೆಯಾಗುತ್ತಿದೆ. ಈ ವ್ಯತ್ಯಾಸ ಹುಟ್ಟಿನಿಂದಲೇ ಇದೆ. ಪುಣೆಯ ಸುತ್ತಲಿನ ಹಳ್ಳಿಗಳ ಶಿಶುಗಳ ಸರಾಸರಿ ತೂಕ ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳಿಗಿಂತ ಸುಮಾರು 800 ಗ್ರಾಂ ಕಡಿಮೆಯಿದ್ದರೂ ಕಡಿತ ಬಿದ್ದದ್ದು ಸ್ನಾಯು ಮತ್ತು ಅಂಗಾಂಗಗಳಿಗೆ. ಚರ್ಮದಡಿಯ ಕೊಬ್ಬು ಬಹುಮಟ್ಟಿಗೆ ಉಳಿದುಕೊಂಡಿತ್ತು. ಪೂರ್ವ ಲಂಡನ್ ಮತ್ತಿತರ ಕಡೆಗಳ ಬಾಂಗ್ಲಾದೇಶಿ ಹಾಗೂ ಪಾಕಿಸ್ತಾನಿ ಮೂಲದವರಲ್ಲಿ ನಡೆಯುತ್ತಿರುವ 'ಜೀನ್ಸ್ ಅಂಡ್ ಹೆಲ್ತ್' ಅಧ್ಯಯನವೂ ಇತ್ತೀಚೆಗೆ ಇದಕ್ಕೆ ಪೂರಕವಾದ ಫಲಿತಾಂಶ ನೀಡಿದೆ: ಇನ್ಸುಲಿನ್ ಉತ್ಪಾದನೆ ಕಡಿಮೆಯಿರುವ ಮತ್ತು ಕೊಬ್ಬಿನ ಹಂಚಿಕೆ ಅನುಕೂಲಕರವಲ್ಲದ ಆನುವಂಶಿಕ ಸ್ವಭಾವ ಎರಡೂ ಸೇರಿದವರಿಗೆ ಮಧುಮೇಹವು ಬೇಗ, ಅದೂ ಕಡಿಮೆ ತೂಕದಲ್ಲೇ ಬರುತ್ತದೆ. ಸೊಂಟದ ಮಿತಿ ನಮಗೆ 90 ಎಂದೂ ಯುರೋಪಿನ ಗಂಡಸರಿಗೆ ಅದಕ್ಕಿಂತ ಹೆಚ್ಚೆಂದೂ ಇಟ್ಟಿರುವುದು ಇಂಥ ಅನುಭವಗಳ ಹಿನ್ನೆಲೆಯಲ್ಲಿ.

ಆದರೆ ಹುಟ್ಟಿನಿಂದ ಬಂದದ್ದೆಲ್ಲ ಜೀನ್‌ನಿಂದ ಬಂದದ್ದಲ್ಲ, ಮತ್ತು ಇದಕ್ಕೆ ನಮ್ಮ ಮೈಸೂರೇ ಸಾಕ್ಷಿ ಒದಗಿಸಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಜತನದಿಂದ ಬರೆದಿಡಲಾಗಿತ್ತು. ಆ ದಾಖಲೆಗಳನ್ನು ಹಿಡಿದು ದಶಕಗಳ ನಂತರ ಅದೇ ಮಂದಿಯನ್ನು ಹುಡುಕಿ ಪರೀಕ್ಷಿಸಿದ ಬ್ರಿಟನ್ನಿನ ಕ್ಯಾರೋಲಿನ್ ಫಾಲ್ ಮತ್ತು ಸ್ಥಳೀಯ ವೈದ್ಯರು, ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಿಗೂ ಹೆಚ್ಚು ತೂಕದ ತಾಯಂದಿರಿಗೆ ಹುಟ್ಟಿದವರಿಗೂ ಮಧುಮೇಹ ಹೆಚ್ಚೆಂದು 1998ರಲ್ಲಿ ವರದಿ ಮಾಡಿದರು. ಹೃದಯದ ಕಾಯಿಲೆಯ ಮಟ್ಟಿಗೆ ಕಡಿಮೆ ತೂಕದಲ್ಲಿ ಹುಟ್ಟಿದವರೇ ಹೆಚ್ಚು ಅಪಾಯದಲ್ಲಿದ್ದರು. 1997ರ ಹೊತ್ತಿಗೆ ಅದೇ ಆಸ್ಪತ್ರೆಯಲ್ಲಿ ಆರಂಭವಾದ 'ಪಾರ್ಥೆನಾನ್' ಅಧ್ಯಯನ, ಗರ್ಭಾವಸ್ಥೆಯಲ್ಲಿ ಸಕ್ಕರೆ ಕಾಣಿಸಿಕೊಂಡ ತಾಯಂದಿರ ಮಕ್ಕಳಲ್ಲಿ ಮುಂದೆ ಕೊಬ್ಬು ಮತ್ತು ಇನ್ಸುಲಿನ್ ಪ್ರತಿರೋಧ ಹೆಚ್ಚಾಗಿರುವುದನ್ನು ದಾಖಲಿಸಿದೆ. ತಾಯಿಯ ರಕ್ತದ ಸಕ್ಕರೆ ಏರಿದರೆ ಮಗುವಿನ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಅದು ಕೊಬ್ಬು ಕಟ್ಟುವುದಕ್ಕೆ ನೆರವಾಗುತ್ತದೆ. ನಿಮ್ಮ ಮಗಳ ವಿಷಯದಲ್ಲಿ ಹೀಗೆ ಎರಡು ದಾರಿಗಳು ಸೇರುತ್ತವೆ: ನಿಮ್ಮಿಬ್ಬರಿಂದ ಹರಿದ ಜೀನ್‌ಗಳದ್ದೊಂದು, ಗರ್ಭದ ವಾತಾವರಣದ್ದು ಮತ್ತೊಂದು. ಎರಡನೆಯದನ್ನು ಜೀನ್ ಎಂದು ತಪ್ಪಾಗಿ ಎಣಿಸಿ 'ನಮ್ಮ ವಂಶದಲ್ಲೇ ಇದೆ' ಎನ್ನುವವರನ್ನು ನಾವು ದಿನವೂ ಕಾಣುತ್ತೇವೆ. ಅದು ಸರಿಪಡಿಸಬಹುದಾದದ್ದು ಎಂಬುದು ಬಹಳ ಮುಖ್ಯ, ಏಕೆಂದರೆ ಮುಂದೆ ಈ ಹುಡುಗಿಯೇ ತಾಯಿಯಾಗುವ ವಯಸ್ಸಿಗೆ ಬಂದಾಗ ಅವಳ ತೂಕ ಮತ್ತು ಸಕ್ಕರೆ ಹದದಲ್ಲಿದ್ದರೆ ಆ ಕೊಂಡಿ ಕಳಚಿಕೊಳ್ಳುತ್ತದೆ.

ಸಂಬಂಧದಲ್ಲಿ ಮದುವೆಯಾದ ವಿಷಯವನ್ನು ನೀವು ಸ್ವಲ್ಪ ಅಳುಕಿನಿಂದಲೇ ಕೇಳಿದಂತಿದೆ. ಅಕ್ಕನ ಮಗಳನ್ನು ಮದುವೆಯಾದವರ ಮಕ್ಕಳಲ್ಲಿ ಸುಮಾರು ಎಂಟನೇ ಒಂದು ಭಾಗದಷ್ಟು ಜೀನ್‌ಗಳ ಎರಡೂ ಪ್ರತಿಗಳು ಒಬ್ಬರೇ ಹಿರಿಯರಿಂದ ಬಂದಿರುತ್ತವೆ. ಎರಡು ಪ್ರತಿಯೂ ಕೆಟ್ಟಿದ್ದಾಗ ಮಾತ್ರ ಕಾಣಿಸಿಕೊಳ್ಳುವ ಅಪರೂಪದ ಕಾಯಿಲೆಗಳ ಅಪಾಯ ಇದರಿಂದ ನಿಜಕ್ಕೂ ಹೆಚ್ಚುತ್ತದೆ. ಮೆಟಬಾಲಿಕ್ ಸಿಂಡ್ರೋಮ್‌ನಂಥ ನೂರಾರು ಜೀನ್‌ಗಳ ವ್ಯವಹಾರದಲ್ಲಿ ಇದರ ಪ್ರಭಾವ ಅಷ್ಟಿಲ್ಲ. ಮೂರೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಸೇರಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಇಂಥ ಸಮರೂಪತೆಗೂ ಎತ್ತರಕ್ಕೂ ಸಂಬಂಧ ಕಂಡುಬಂತಾದರೂ ರಕ್ತದೊತ್ತಡ, ಕೊಲೆಸ್ಟ್ರಾಲ್ ಮುಂತಾದವುಗಳ ಜೊತೆ ಕಾಣಲಿಲ್ಲ. 2023ರ ಇನ್ನೊಂದು ಅಧ್ಯಯನ ಮಧುಮೇಹದ ಅಪಾಯ ತುಸು ಹೆಚ್ಚುವುದನ್ನು ತೋರಿಸಿತು. ನಿಮ್ಮ ತಂದೆಗೆ 44ನೇ ವಯಸ್ಸಿಗೆ ಸಕ್ಕರೆ ಬಂದದ್ದೇ ಅವರ ಮದುವೆ ಯಾರ ಜೊತೆ ಆಯಿತೆಂಬುದಕ್ಕಿಂತ ಹೆಚ್ಚು ಅರ್ಥವುಳ್ಳ ಸಂಗತಿ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದ ಕುಟುಂಬಗಳ ಅಧ್ಯಯನದಂತೆ ತಂದೆ ತಾಯಿಯರಲ್ಲಿ ಒಬ್ಬರಿಗೆ ಮಧುಮೇಹವಿದ್ದರೆ ಮಕ್ಕಳ ಅಪಾಯ ಸುಮಾರು ಮೂರೂವರೆ ಪಟ್ಟು, ಇಬ್ಬರಿಗೂ ಇದ್ದರೆ ಆರು ಪಟ್ಟು.

ಇನ್ನು ಜೀನ್‌ನ ಜೊತೆ ಬದುಕಿನ ರೀತಿ ಹೇಗೆ ತೊಡಕಿಕೊಳ್ಳುತ್ತದೆ ಎಂಬ ಪ್ರಶ್ನೆ. ಅವಳಿಗಳ ಅಧ್ಯಯನಗಳ ಲೆಕ್ಕದಲ್ಲಿ ಬಿ.ಎಂ.ಐ.ಯ ಅನುವಂಶೀಯತೆ ಶೇ 40ರಿಂದ 70 ಎನ್ನುತ್ತಾರೆ. ಈ ಅಂಕಿಯನ್ನು ಓದುವಾಗ ಎಚ್ಚರ ಬೇಕು: ನಿಮ್ಮ ತೂಕದ ಶೇ 70 ಭಾಗವನ್ನು ಜೀನ್ ನಿರ್ಧರಿಸಿದೆ ಎಂಬುದು ಅದರ ಅರ್ಥವಲ್ಲ, ಹೆಚ್ಚುಕಡಿಮೆ ಒಂದೇ ಬಗೆಯ ಪರಿಸರದಲ್ಲಿ ಬದುಕುವ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಜೀನ್‌ನ ಪಾಲು ಅಷ್ಟು ಎಂದಷ್ಟೇ. ಪರಿಸರವೇ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಪೀಮಾ ಎಂಬ ಮೂಲನಿವಾಸಿ ಜನರ ಒಂದು ಗುಂಪು ಅಮೆರಿಕದ ಅರಿಜೋನಾದಲ್ಲಿದೆ, ವಂಶದಲ್ಲಿ ತೀರ ಹತ್ತಿರದ ಇನ್ನೊಂದು ಗುಂಪು ಮೆಕ್ಸಿಕೋದ ಬೆಟ್ಟಗಳಲ್ಲಿ ಹೊಲದ ದುಡಿಮೆಯ ಹಳೆಯ ಬದುಕನ್ನೇ ನಡೆಸುತ್ತಿತ್ತು. 2006ರಲ್ಲಿ ಪ್ರಕಟವಾದ ಹೋಲಿಕೆಯಂತೆ ಮೆಕ್ಸಿಕೋದವರಲ್ಲಿ ಮಧುಮೇಹ ಶೇ 6.9, ಅರಿಜೋನಾದವರಲ್ಲಿ ಶೇ 38. ಒಂದೇ ವಂಶದ ಇಬ್ಬರ ನಡುವಿನ ಈ ಅಂತರವನ್ನು ಯಾವ ಜೀನ್ ವ್ಯತ್ಯಾಸವೂ ವಿವರಿಸಲಾರದು. ನಮ್ಮ ದೇಶದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆ 2023ರಲ್ಲಿ ವರದಿ ಮಾಡಿದಂತೆ ವಯಸ್ಕರಲ್ಲಿ ಶೇ 11.4 ಮಂದಿಗೆ ಮಧುಮೇಹ, ಶೇ 39.5 ಮಂದಿಗೆ ಹೊಟ್ಟೆಯ ಬೊಜ್ಜು ಇದೆ. ಎರಡು ತಲೆಮಾರಿನ ಹಿಂದೆ ನಮ್ಮಲ್ಲಿ ಇಂಥ ಅಂಕಿಗಳಿರಲಿಲ್ಲ, ಜೀನ್‌ಗಳು ಮಾತ್ರ ಆಗಲೂ ಇವೇ ಇದ್ದವು.

ಒಬ್ಬೊಬ್ಬ ವ್ಯಕ್ತಿಯ ಮಟ್ಟದಲ್ಲೂ ಇದು ಸಾಬೀತಾಗಿದೆ. ಎಫ್‌ಟಿಒದ ಬೊಜ್ಜಿನ ರೂಪವಿದ್ದೂ ದೈಹಿಕವಾಗಿ ಚಟುವಟಿಕೆಯಿಂದಿರುವವರಲ್ಲಿ ಆ ಜೀನ್ ತರುವ ಅಪಾಯ ಸುಮಾರು ಶೇ 27ರಷ್ಟು ತಗ್ಗುತ್ತದೆಂದು ಎರಡು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಆಧರಿಸಿದ 2011ರ ವಿಶ್ಲೇಷಣೆ ತೋರಿಸಿತು. ಪಥ್ಯ, ವ್ಯಾಯಾಮ, ಔಷಧಗಳಿಂದ ತೂಕ ಇಳಿಸುವ ಪ್ರಯೋಗಗಳಲ್ಲಿ ಆ ರೂಪವಿರುವವರೂ ಇಲ್ಲದವರಷ್ಟೇ ತೂಕ ಇಳಿಸಿಕೊಂಡರು ಎಂದು 2016ರ ಮತ್ತೊಂದು ವಿಶ್ಲೇಷಣೆ ಹೇಳಿತು. 'ನನ್ನ ಜೀನ್ ಹಾಗಿದೆ, ನನಗೆ ತೂಕ ಇಳಿಯುವುದಿಲ್ಲ' ಎಂಬ ಮಾತಿಗೆ ಅಲ್ಲಿ ಆಧಾರ ಸಿಗುವುದಿಲ್ಲ. ಟಿಸಿಎಫ್7ಎಲ್2ದ ಅಪಾಯಕರ ರೂಪ ಎರಡೂ ಕಡೆಯಿಂದ ಬಂದವರು ಬೇಗ ಮಧುಮೇಹಕ್ಕೆ ಜಾರುತ್ತಾರೆಂಬುದು ಅಮೆರಿಕದ ಮಧುಮೇಹ ತಡೆ ಪ್ರಯೋಗದಲ್ಲಿ ಖಚಿತವಾಯಿತು, ಆದರೆ ಜೀವನಶೈಲಿ ತಿದ್ದಿಕೊಂಡ ಗುಂಪಿನಲ್ಲಿ ಆ ವ್ಯತ್ಯಾಸ ಬಹುಪಾಲು ಅಳಿಸಿಹೋಯಿತು. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಧುಮೇಹದ ಅಂಚಿನಲ್ಲಿದ್ದ ಭಾರತೀಯರಿಗೆ ನಡಿಗೆ ಮತ್ತು ಊಟದ ತಿದ್ದುಪಡಿಯಿಂದ ಶೇ 28.5ರಷ್ಟು ಅಪಾಯ ತಗ್ಗಿತು. ಅಮೆರಿಕದ ಪ್ರಯೋಗದಲ್ಲಿ ಅದು ಶೇ 58 ಇತ್ತು. ನಮ್ಮಲ್ಲಿ ಫಲ ಕಡಿಮೆ ಎಂಬುದನ್ನು ಮುಚ್ಚಿಡಬೇಕಿಲ್ಲ. ನಮ್ಮವರು ಚೆನ್ನೈ ಪ್ರಯೋಗಕ್ಕೆ ಬಂದಾಗಲೇ ಅಷ್ಟೇನೂ ದಪ್ಪಗಿರಲಿಲ್ಲ, ಇಳಿಸಲು ಇದ್ದ ತೂಕವೂ ಕಡಿಮೆ.

ಎಂಜಲಿನ ಪರೀಕ್ಷೆಗೆ ಹಣ ಖರ್ಚು ಮಾಡುವುದನ್ನು ನಾನು ಒಪ್ಪುವುದಿಲ್ಲ. ಲಕ್ಷಾಂತರ ತಾಣಗಳ ಪ್ರಭಾವವನ್ನು ಕೂಡಿಸಿ ಒಂದು ಅಂಕ ನೀಡುವ ವಿಧಾನ ವಿಜ್ಞಾನದಲ್ಲಿ ಇದೆ, ಮತ್ತು ಅದು ಹುಸಿಯಲ್ಲ: ಸುಮಾರು 21 ಲಕ್ಷ ತಾಣಗಳನ್ನು ಕೂಡಿಸಿ 2019ರಲ್ಲಿ ರೂಪಿಸಿದ ಅಂಥ ಒಂದು ಅಂಕಪಟ್ಟಿಯಲ್ಲಿ ಅತಿ ಮೇಲಿನ ಹತ್ತನೇ ಒಂದು ಪಾಲಿನವರೂ ಅತಿ ಕೆಳಗಿನವರೂ ತೂಕದಲ್ಲಿ ಸರಾಸರಿ 13 ಕೆ.ಜಿ.ಯಷ್ಟು ಬೇರೆಯಾಗಿದ್ದರು. ತೊಂದರೆಯೆಂದರೆ ಆ ಲೆಕ್ಕದ ಬುಡದಲ್ಲಿರುವ ಮಾಹಿತಿ ಹೆಚ್ಚಾಗಿ ಯುರೋಪಿನವರದು. 2019ರ ಒಂದು ಅಂದಾಜಿನಂತೆ ಇಂಥ ಅಧ್ಯಯನಗಳಲ್ಲಿ ಪಾಲ್ಗೊಂಡವರಲ್ಲಿ ಶೇ 79ರಷ್ಟು ಮಂದಿ ಯುರೋಪಿನ ಮೂಲದವರು, ಜಗತ್ತಿನ ಜನಸಂಖ್ಯೆಯಲ್ಲಿ ಅವರು ಶೇ 16 ಮಾತ್ರ. ಅಲ್ಲಿ ಸಿದ್ಧಪಡಿಸಿದ ಅಂಕಪಟ್ಟಿಯನ್ನು ನಮ್ಮವರಿಗೆ ಅನ್ವಯಿಸಿದರೆ ನಿಖರತೆ ಕುಸಿಯುತ್ತದೆ. ಪಿಪಿಎಆರ್‌ಜಿ ಎಂಬ ಜೀನ್‌ನ ಒಂದು ರೂಪ ಯುರೋಪಿನವರನ್ನು ಮಧುಮೇಹದಿಂದ ರಕ್ಷಿಸುತ್ತದಾದರೂ ಚೆನ್ನೈಯಲ್ಲಿ ಪರೀಕ್ಷಿಸಿದ ದಕ್ಷಿಣ ಏಷ್ಯಾದವರಲ್ಲಿ ಆ ರಕ್ಷಣೆ ಕಾಣಲಿಲ್ಲ ಎಂಬುದು ಇದಕ್ಕೊಂದು ಹಳೆಯ ಉದಾಹರಣೆ. ಮೇಲಾಗಿ ತಲೆಮಾರುಗಳಿಂದ ತಮ್ಮತಮ್ಮೊಳಗೇ ಮದುವೆಯಾಗುತ್ತ ಬಂದ ನಮ್ಮ ಸಮುದಾಯಗಳ ನಡುವೆ ಆನುವಂಶಿಕ ಭಿನ್ನತೆ ಬಹಳ. ಈ ಕೊರತೆ ನೀಗಿಸಲೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಜೀನೋಮ್ ಇಂಡಿಯಾ ಯೋಜನೆ ಎಂಬತ್ತಕ್ಕೂ ಹೆಚ್ಚು ಸಮುದಾಯಗಳ ಸುಮಾರು 10,000 ಜನರ ಜೀನೋಮ್‌ಗಳನ್ನು, ಅಂದರೆ ಇಡೀ ಡಿಎನ್‌ಎಯನ್ನು, ಓದಿ 2025ರ ಜನವರಿಯಲ್ಲಿ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಟ್ಟಿತು. ಅದು ಒಳ್ಳೆಯ ಆರಂಭ. ನಿಮ್ಮ ಕೈಗೆ ನಂಬಲರ್ಹ ಅಂಕ ಬರಲು ಇನ್ನೂ ಕೆಲಸವಿದೆ. ಹಾಗೆ ಬಂದರೂ ತಂದೆಯ ವಯಸ್ಸು, ನಿಮ್ಮ ಸೊಂಟ, ನಿಮ್ಮ ಟ್ರೈಗ್ಲಿಸರೈಡ್ ಈಗಾಗಲೇ ಹೇಳಿರುವುದಕ್ಕೆ ಅದು ಹೆಚ್ಚೇನನ್ನು ಸೇರಿಸುತ್ತದೆಂದು ನನಗನಿಸುವುದಿಲ್ಲ.

ಜೀನ್ ಪರೀಕ್ಷೆ ನಿಜಕ್ಕೂ ಬೇಕಾಗುವ ಸಂದರ್ಭಗಳು ಬೇರೆ. ಟ್ರೈಗ್ಲಿಸರೈಡ್ 1,000 ದಾಟಿ ಮೇದೋಜೀರಕ ಗ್ರಂಥಿಯ ಊತ ಬಂದವರಿಗೆ, ಕೈಕಾಲಿನಲ್ಲಿ ಕೊಬ್ಬೇ ಇಲ್ಲದೆ ಇನ್ಸುಲಿನ್ ಪ್ರತಿರೋಧ ವಿಪರೀತವಿರುವವರಿಗೆ, ತೀರ ಎಳೆಯ ವಯಸ್ಸಿನಲ್ಲೇ ಬೊಜ್ಜು ಬಂದ ಮಕ್ಕಳಿಗೆ, ಮೂರು ತಲೆಮಾರಿನಲ್ಲಿ ಸಣ್ಣಗಿದ್ದವರಿಗೇ 25 ವರ್ಷದೊಳಗೆ ಮಧುಮೇಹ ಕಾಣಿಸಿಕೊಂಡ ಮನೆಗಳಿಗೆ ಅದರಿಂದ ಪ್ರಯೋಜನವಿದೆ. ಕೊನೆಯ ಗುಂಪಿನಲ್ಲಿ ಎಚ್‌ಎನ್‌ಎಫ್1ಎ ಜೀನ್‌ನ ದೋಷ ಸಿಕ್ಕರೆ ಎಷ್ಟೋ ಬಾರಿ ಇನ್ಸುಲಿನ್ ಚುಚ್ಚುಮದ್ದು ಬಿಟ್ಟು ಅಗ್ಗದ ಮಾತ್ರೆಗೆ ಬದಲಾಯಿಸಬಹುದು. ನಿಮ್ಮ ವಿವರಗಳಲ್ಲಿ ಇಂಥ ಯಾವ ಸುಳಿವೂ ಇಲ್ಲ.

ನಿಮ್ಮ ಎಚ್‌ಡಿಎಲ್ 36 ಎಂದು ಅದನ್ನೊಂದನ್ನೇ ಏರಿಸುವ ಎಣ್ಣೆ, ಬೀಜ, ಮಾತ್ರೆಗಳ ಹಿಂದೆ ಬೀಳಬೇಡಿ. ಹುಟ್ಟಿನಿಂದಲೇ ಎಚ್‌ಡಿಎಲ್ ಹೆಚ್ಚಿರುವಂತೆ ಮಾಡುವ ಜೀನ್ ರೂಪವಿರುವವರಿಗೆ ಹೃದಯಾಘಾತ ಕಡಿಮೆಯಾಗಲಿಲ್ಲ ಎಂದು 2012ರಲ್ಲಿ ಗೊತ್ತಾಯಿತು; ಎಚ್‌ಡಿಎಲ್ ಏರಿಸಲೆಂದೇ ತಯಾರಾದ ಔಷಧಗಳೂ ನಿರೀಕ್ಷಿಸಿದ ಫಲ ಕೊಡಲಿಲ್ಲ. ಇಲ್ಲಿ ಕಡಿಮೆ ಎಚ್‌ಡಿಎಲ್ ಎಂಬುದು ಯಕೃತ್ತಿನಲ್ಲಿ ಕೊಬ್ಬು ತುಂಬಿರುವುದರ ಸೂಚನೆ. ಟ್ರೈಗ್ಲಿಸರೈಡ್ ಇಳಿದರೆ ಅದು ತಾನಾಗಿ ಸ್ವಲ್ಪ ಏರುತ್ತದೆ.

ನಿಮಗೆ ಬೇಕಿರುವುದು ದೊಡ್ಡ ತೂಕ ಇಳಿಕೆಯಲ್ಲ. ಶೇಖರಣೆಯ ಜಾಗ ಕಿರಿದಾಗಿರುವವರಿಗೆ ಮೂರು ನಾಲ್ಕು ಕೆ.ಜಿ. ಇಳಿದರೂ ಮೊದಲು ಕರಗುವುದರಲ್ಲಿ ಯಕೃತ್ತಿನ ಕೊಬ್ಬೂ ಸೇರಿರುತ್ತದೆ, ಟ್ರೈಗ್ಲಿಸರೈಡ್ ಅದಕ್ಕೆ ಬೇಗ ಓಗೊಡುತ್ತದೆ. ಎರಡು ಹೊತ್ತಿನ ಅನ್ನದ ಪ್ರಮಾಣವನ್ನು ಅರ್ಧಕ್ಕಿಳಿಸಿ ಆ ಜಾಗದಲ್ಲಿ ಕಾಳಿನ ಹುಳಿ, ಪಲ್ಯ, ಮೊಟ್ಟೆ ಅಥವಾ ಮೀನನ್ನು ಹೆಚ್ಚಿಸುವುದು, ಸಕ್ಕರೆ ಹಾಕಿದ ಕಾಫಿ ಟೀ, ಬೇಕರಿ ತಿಂಡಿ ಮತ್ತು ಹಣ್ಣಿನ ರಸಗಳನ್ನು ಬಿಡುವುದು, ಮದ್ಯದ ಅಭ್ಯಾಸವಿದ್ದರೆ ನಿಲ್ಲಿಸುವುದು ಇವು ಟ್ರೈಗ್ಲಿಸರೈಡ್‌ಗೆ ನೇರವಾಗಿ ತಾಗುತ್ತವೆ. ರಾಗಿ ಮುದ್ದೆ ಒಳ್ಳೆಯದೆಂದು ಎರಡೆರಡು ಉಂಡರೆ ಲೆಕ್ಕ ಅಲ್ಲಿಗಲ್ಲಿಗೇ ಆಗುತ್ತದೆ. ವಾರಕ್ಕೆ 150 ನಿಮಿಷಗಳ ಬಿರುಸಿನ ನಡಿಗೆಯ ಜೊತೆಗೆ ವಾರದಲ್ಲಿ ಎರಡು ಬಾರಿ ಭಾರ ಎತ್ತುವ, ಬಸ್ಕಿ ಹೊಡೆಯುವ ವ್ಯಾಯಾಮವನ್ನೂ ಮಾಡಿ. ಊಟದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯು, ಅದು ನಮ್ಮವರಲ್ಲಿ ಹುಟ್ಟಿನಿಂದಲೇ ಕಡಿಮೆ.

ಮಗಳಿಗೆ ಈಗ ರಕ್ತಪರೀಕ್ಷೆಗಿಂತ ಎತ್ತರ, ತೂಕ, ಸೊಂಟದ ಅಳತೆಯನ್ನು ವರ್ಷಕ್ಕೊಮ್ಮೆ ಬರೆದಿಡುವುದು ಮುಖ್ಯ. ತೂಕ ಅವಳ ವಯಸ್ಸಿನ ಮಿತಿ ದಾಟಿದ್ದರೆ, ಕುತ್ತಿಗೆಯ ಹಿಂಭಾಗದಲ್ಲಿ ಕಪ್ಪು ಮಖಮಲ್ಲಿನಂಥ ಪದರ ಕಾಣಿಸಿದರೆ, ಹತ್ತು ವರ್ಷ ತುಂಬಿದ ಮೇಲೆ ಅಥವಾ ಅದಕ್ಕೂ ಮೊದಲೇ ಋತುಮತಿಯಾದರೆ ಆಗ, ಮಕ್ಕಳ ವೈದ್ಯರಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿ. ನಿಮ್ಮ ಪತ್ನಿಯವರನ್ನು ಮರೆಯಬೇಡಿ: ಗರ್ಭಾವಸ್ಥೆಯಲ್ಲಿ ಸಕ್ಕರೆ ಬಂದು ಹೋದವರಿಗೆ ಮುಂದೆ ಮಧುಮೇಹದ ಅಪಾಯ ಹಲವು ಪಟ್ಟು ಹೆಚ್ಚು, ಅವರಿಗೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಬೇಕು. ನೀವು ಮೂರು ತಿಂಗಳ ನಂತರ ಲಿಪಿಡ್ ಪರೀಕ್ಷೆಯನ್ನು ಖಾಲಿ ಹೊಟ್ಟೆಯಲ್ಲಿ ಮತ್ತೆ ಮಾಡಿಸಿ, ಜೊತೆಗೆ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ), ಥೈರಾಯ್ಡ್ ಮತ್ತು ಯಕೃತ್ತಿನ ಪರೀಕ್ಷೆಗಳನ್ನೂ ಸೇರಿಸಿಕೊಳ್ಳಿ. ಸೊಂಟ 90ರ ಒಳಗೆ ಬಂದೂ ಟ್ರೈಗ್ಲಿಸರೈಡ್ 200ರ ಮೇಲೆಯೇ ನಿಂತಿದ್ದರೆ, ಅಥವಾ ಎಲ್‌ಡಿಎಲ್ ('ಕೆಟ್ಟ' ಕೊಲೆಸ್ಟ್ರಾಲ್) ಹೆಚ್ಚಿದ್ದರೆ, ಚಿಕ್ಕಪ್ಪನಿಗೆ ಹೃದಯಾಘಾತ ಯಾವ ವಯಸ್ಸಿನಲ್ಲಿ ಆಯಿತೆಂಬುದನ್ನು ವೈದ್ಯರಿಗೆ ತಿಳಿಸಿ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಆರಂಭಿಸಬೇಕೇ ಎಂಬುದನ್ನು ಅವರು ಅದನ್ನೂ ಗಮನದಲ್ಲಿಟ್ಟು ನಿರ್ಧರಿಸುತ್ತಾರೆ.